ನೀಲಗಂಗವ್ವ ಓ ಅಂದದ್ದು

ದೀಪ ಸಣ್ಣದ ಮಾಡ್ರಿ. ನಗೋರು ಈಗ ನಕ್ಕ ಬಿಡ್ರಿ, ನಡಬರಕ ನಕ್ಕರ ನಾ ಎದ್ದ ಹೋಗಾಕಿ. ಇದು ಎಲ್ಲೋ ಕೇಳಿದ್ದಲ್ಲ. ಕುರ್ತಕೋಟ್ಯಾಗ ನಮ್ಮ ಗ್ವಾಡಿಗೆ ಗ್ವಾಡಿ ಹಚ್ಚಿದ ಮನಿ ನೀಲಗಂಗವ್ವಂದು. ಆಕಿಗೆ ಆಗಿದ್ದು. ಎಂಬತ್ತನೇ ಇಸ್ವಿ, ದೀಪಾವಳಿ ಆಗಿ ಎಂಟ ದಿನಕ್ಕ.

ಆಕಿಗೆ ಒಬ್ಬಾಕಿ ಮಗಳು, ಫಕೀರವ್ವ. ಶಿರಹಟ್ಟಿ ಫಕೀರಸ್ವಾಮಿಗೆ ಹರಕಿ ಹೊತ್ತು ಹಡದ ಕೂಸು. ಆರು ವರ್ಷ ತುಂಬಿತ್ತು. ಕಿವಿ ಚಲೋ ಕೇಳತಿದ್ದವು, ಬಾಯಿ ಮಾತ್ರ ಬಂದಿರಲಿಲ್ಲ. ಓಣ್ಯಾಗ ಬ್ಯಾರೆ ಹುಡುಗ್ರು "ಅವ್ವಾ" ಅಂತ ಕೂಗಿದ್ರ ನೀಲಗಂಗವ್ವ ತಟ್ಟನ ತಿರುಗಿ ನೋಡತಿದ್ದಳು. ನೋಡಿ ಮತ್ತ ರೊಟ್ಟಿ ಬಡಿತಿದ್ದಳು. ಆ ಸಂಕಟ ಯಾರ ಮುಂದ ಹೇಳೂದು.

ಗದಗಿನ ಸಂತ್ಯಾಗ ಬೇರು ಮಾರೋ ಮಹಬೂಬಸಾಬ ಒಂದ ದಿನ ಹೇಳಿದ. ಕಪ್ಪತಗುಡ್ಡದಾಗ ಒಂದ ಬೇರ ಐತಂತ, ಹಸೀದು ತೇದು ನಾಲಿಗಿಗೆ ಹಚ್ಚಿದ್ರ ಮಾತ ಬರತೈತಂತ, ಆದ್ರ ಕೂಸನ್ನ ಗುಡ್ಡಕ್ಕನ ಕರಕೊಂಡು ಬರಬೇಕಂತ. ನೀಲಗಂಗವ್ವ ಎರಡನೇ ಮಾತ ಆಡಲಿಲ್ಲ. ಬುತ್ತಿ ಕಟ್ಟಿದಳು. ಗಂಡ ನಿಜಲಿಂಗಪ್ಪ ಗೊಣಗಿಕೋತ ಹಿಂದ ಬಂದ. ಗುಡ್ಡದ ಬುಡಕಿನ ಡೋಣಿ ಊರ ತನಕ ಬಸ್ಸು, ಅಲ್ಲಿಂದ ನಡಿಗಿ.

ಎರಿಹೊಲದಾಗ ಹುಟ್ಟಿ ಬೆಳದಾಕಿ ಆಕಿ, ಹತ್ತು ಗಿಡ ಒಂದ ಕಡೆ ಕಂಡಾಕಿ ಅಲ್ಲ. ಇಲ್ಲಿ ನೋಡಿದ್ರ ಮುತ್ತಜ್ಜನ ಮುತ್ತಜ್ಜನ ಕಾಲದ ಗಿಡ. ಮೂರು ಮಂದಿ ಕೈ ಹಿಡದ ನಿಂತ್ರೂ ಬುಡ ತೆಕ್ಕಿಗೆ ಸಿಗವಲ್ದು. ಕಾಲಾಗ ಹುಲ್ಲು ತುಳದ್ರ ನಿಂಬಿಹಣ್ಣಿನ ವಾಸನಿ. ಮ್ಯಾಲ ಗಾಳಿ ಸೊಂಯ್ ಅಂತಿತ್ತು, ಎಲ್ಲೋ ನವಿಲು ಕ್ಯಾಂವ್ ಅಂತಿತ್ತು. ಫಕೀರವ್ವ ಚಿಟ್ಟಿ ಬೆನ್ನ ಹತ್ತಿ ಓಡಿದ್ದ ಓಡಿದ್ದು. ಅಂಥಾ ಚಲೋ ದಿನ ತನ್ನ ಜೀವಮಾನದಾಗ ಕಂಡಿರಲಿಲ್ಲ ಅಂತ ನೀಲಗಂಗವ್ವ ಇವತ್ತಿಗೂ ಹೇಳತಾಳ.

ಬೇರು ಸಿಕ್ಕಿತು, ಹಚ್ಚಿದ್ದೂ ಆತು. ಕೂಸು ಥೂ ಅಂತ ಉಗಳಿ ಮಾರಿ ಸೊಟ್ಟ ಮಾಡಿತು, ಅಷ್ಟ. ಮಹಬೂಬಸಾಬ ಎಂಟ ದಿನ ತಡೀರಿ ಅಂದ. ಅವ ಗುಡ್ಡ ಏರೂ ಮುಂದನ ಒಂದ ಮಾತ ಹೇಳಿದ್ದ. ಇಲ್ಲಿ ಯಾರರ ಕರದ್ರ ಮೂರನೇ ಸಲಕ್ಕ ಓ ಅನ್ರಿ, ಅದಕ್ಕೂ ಮೊದಲ ಅನಬ್ಯಾಡ್ರಿ. "ಅದು" ಎರಡ ಸಲ ಕರಿತೈತಿ, ಮೂರನೇದಕ್ಕ ಅದಕ್ಕ ದಮ್ಮಿಲ್ಲ.

ಹೊತ್ತು ಇಳೀತು. ಕಡೀ ಬಸ್ಸಿಗೆ ಜಲ್ದಿ ಜಲ್ದಿ ಇಳಿಯಾಕ ಹತ್ತಿದ್ರು. ಹಳ್ಳದ ದಂಡಿಗೆ ಒಂದ ಹಳೇ ಆಲದಮರ. ಹೊರಗ ಬೆಳಕಿತ್ತು, ಅದರ ಕೆಳಗ ಆಗಲೇ ಕತ್ತಲಿ. ಅದನ್ನ ದಾಟಿ ಇಪ್ಪತ್ತ ಹೆಜ್ಜಿ ಬಂದ ಮ್ಯಾಲ ನೀಲಗಂಗವ್ವ ತಿರುಗಿದಳು... ಕೂಸಿಲ್ಲ. ಗಂಡ, ನಿನ್ನ ಹಿಂದ ಐತಿ ಅನ್ಕೊಂಡೆ ಅಂದ. ಮಹಬೂಬಸಾಬ, ಅಪ್ಪನ ಕೈಯಾಗ ಐತಿ ಅನ್ಕೊಂಡೆ ಅಂದ.

ಆವಾಗ ಬಂತು... ಆಲದ ಕಡಿಂದ.

"ಅವ್ವಾ."

ಸಣ್ಣ ದನಿ. ಹೊಸದಾಗಿ ಮಾತ ಕಲತ ಕೂಸಿಂದು ಇರತೈತಲ್ಲ, ಹಂಗ.

ಬಾಯಿ ಬಂತು ಅಂತ ನಿಜಲಿಂಗಪ್ಪ ಓಡಾಕ ಹೊಂಟ. ಮಹಬೂಬಸಾಬ ಅವನ ರಟ್ಟಿ ಹಿಡದ. ಹಚ್ಚಿ ತಾಸಾಗಿಲ್ಲ, ಇಷ್ಟ ಜಲ್ದಿ ಯಾ ಬೇರೂ ಹತ್ತೂದಿಲ್ಲ, ಅದು ಕೂಸಲ್ಲ ಅಂತ ಪಿಸುಗುಟ್ಟಿದ.

"ಅವ್ವಾ."

"ತಂಗೀ, ಓ ಅನಬ್ಯಾಡ," ಅಂದ ಮಹಬೂಬಸಾಬ. "ನಿನ್ನ ಕಾಲ ಬೀಳ್ತೀನಿ."

ನೀಲಗಂಗವ್ವ ಸೆರಗು ನಡಕ್ಕ ಸಿಗಿಸಿದಳು. "ಆರ ವರ್ಷ ಆತು ಅಣ್ಣಾ, ನನ್ನ ಯಾರೂ ಹಂಗ ಕರದಿಲ್ಲ. ದೆವ್ವರ ಕರೀಲಿ, ಮತ್ತೊಂದರ ಕರೀಲಿ. ನಾ ಓ ಅನ್ನಾಕೀನ."

ಗುಡ್ಡಕ್ಕ ಗುಡ್ಡ ಕೇಳೂ ಹಂಗ ಕೂಗಿದಳು. "ಓ... ಬಂದೆ." ಒಬ್ಬಾಕಿನ ಆಲದ ಕೆಳಗ ಹೊಕ್ಕಳು. ಇಬ್ಬರು ಗಂಡಸರು ಕಂಬ ನೆಟ್ಟಂಗ ನಿಂತ್ರು. ಹೇಳಾಕ ನಾಚಿಕಿ ಬರಬೇಕು, ಆದ್ರ ನಿಂತಿದ್ದು ಖರೆ.

ಕೂಸು ಅಲ್ಲೇ ಇತ್ತು. ಆಲದ ಬೇರಿನ ಮ್ಯಾಲ ಕುಂತು ಸಪ್ಪಳಿಲ್ಲದ ಅಳತಿತ್ತು. ನೀಲಗಂಗವ್ವ ಎತ್ತಿ ಬಗಲಾಗ ಇಟ್ಕೊಂಡು, ಬಾಯಿಗೆ ಕೈ ಹಚ್ಚಿ ನೋಡಿದಳು. ಬಾಯಿ ಮುಚ್ಚಿತ್ತು. ಮುಚ್ಚೇ ಇತ್ತು... ಆಕಿ ಕೈ ಇನ್ನೂ ಅಲ್ಲೇ ಇತ್ತು... ಎದುರಿನ ಬಿಳಲಿನಾಗಿಂದ, ಎರಡ ಮಾರು ದೂರದಿಂದ,

"ಅವ್ವಾ."

ಬ್ಯಾರೆ ಯಾರರ ಆಗಿದ್ರ ಅಲ್ಲೇ ಎದಿ ಒಡಕೋತಿದ್ರು. ಆಕಿ ನಿಂತಳು. "ಮೂರಾತು, ಮಹಬೂಬಣ್ಣ," ಅಂದಳು. ಆಮ್ಯಾಲ ಕತ್ತಲಿಗೆ ಹೇಳಿದಳು, "ಕರದು ಕರದು ಗಂಟಲ ಯಾಕ ಹರಕೋತಿ. ಬರೋದಿದ್ರ ಬಾ."

ಹಂಗಂದು ಹಿಂದ ತಿರುಗಿ ನೋಡದ ನಡದಳು.

ಬೇರಿನಿಂದ ಏನೂ ಆಗಲಿಲ್ಲ. ಫಕೀರವ್ವಗ ಬಾಯಿ ಬರಲಿಲ್ಲ, ಇವತ್ತಿಗೂ ಇಲ್ಲ.

ಮರು ವರ್ಷ ಜನಗಣತಿ ಬಂತು. ನಮ್ಮೂರಾಗ ಬರಕೊಳ್ಳಾಕ ಬಂದಾವ ನಮ್ಮ ಸೋದರಮಾವ, ಈಶಪ್ಪ ಮಾಸ್ತರ. ಹಾಡೇ ಹಗಲು ಅದು. ಮಕ್ಕಳೆಷ್ಟು ಅಂತ ಕೇಳಿದ. ನಿಜಲಿಂಗಪ್ಪ ಒಂದು ಅಂದ. ನೀಲಗಂಗವ್ವ ಎರಡು ಅಂದಳು. ಮಾಸ್ತರ ನಕ್ಕು, ಮನ್ಯಾಗ ಇದ್ದೋರನ್ನಷ್ಟ ಹೇಳವ್ವ ಅಂದ. ಫಕೀರವ್ವ ಅವನ ಎದುರಿಗೇ ಕುಂತು ಶೇಂಗಾ ಒಡಿತಿತ್ತು, ತುಟಿ ಬಿಗದು.

ಒಳಗ ಅಡಿಗಿಮನ್ಯಾಗಿಂದ ಕರದಂಗಾತು. "ಅವ್ವಾ."

"ಓ, ಬಂದೆ," ಅಂದಳು ನೀಲಗಂಗವ್ವ. ಮಾಸ್ತರಗ, "ಎರಡು ಬರೀರಿ," ಅಂದಳು.

ಮಾಸ್ತರ ನಿಜಲಿಂಗಪ್ಪನ ಮಾರಿ ನೋಡಿದ. ಅವ ನೆಲ ನೋಡಕೋತ, ಬರೀರಿ ಸರ, ಅಂದ. ಹೆಸರೇನು ಅಂತ ಮಾಸ್ತರ ಕೇಳಬೇಕಿತ್ತು, ಅದು ಅವನ ಕೆಲಸ. ಕೇಳಿದ. ನೀಲಗಂಗವ್ವ ಅಡಿಗಿಮನಿ ಕಡೆ ತಿರುಗಿ, "ಏ ಕೂಸ, ಸರ್ ನಿನ್ನ ಹೆಸರ ಕೇಳಾಕ ಹತ್ಯಾರ, ಹೇಳ," ಅಂದಳು.

ನಮ್ಮ ಸೋದರಮಾವ ಉತ್ತರಕ್ಕ ನಿಂದ್ರಲಿಲ್ಲ. ಈಗ ಬೆಟಗೇರ್ಯಾಗ ಅದಾನ, ಹೋಗಿ ಕೇಳ್ರಿ ಬೇಕಾದ್ರ, ಸುಳ್ಳ ಹೇಳೂ ಮನಶ್ಯಾ ಅಲ್ಲ. ಎರಡನೇ ಕೂಸಿನ ಸಾಲಿನಾಗ ಹೆಣ್ಣು, ವಯಸ್ಸು ಆರು ಅಂತ ಬರದಾನಂತ. ಹೆಸರಿನ ಜಾಗಾ ಖಾಲಿ ಬಿಟ್ಟಾನಂತ.