ನಡುವೆ ನಿಂತ ಹನಿ

ನಗುವವರು ಈಗಲೇ ನಕ್ಕು ಮುಗಿಸಿ. ನಡುವೆ ಯಾರಾದರೂ ಕಿಸಕ್ಕೆಂದರೆ ನಾನು ಎದ್ದು ಹೋಗುತ್ತೇನೆ. ಇದು ಎಲ್ಲೋ ಕೇಳಿದ್ದಲ್ಲ, ನಮ್ಮ ಚಿಕ್ಕಪ್ಪನ ಮಗಳು ಗಾನವಿಗೆ ಆದದ್ದು.

ಗಾನವಿ ಕಡೂರಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ಆವತ್ತು ಬಸ್ಸು ಕೆಟ್ಟು, ಪಂಚನಹಳ್ಳಿಯಲ್ಲಿ ಇಳಿದಾಗ ರಾತ್ರಿ ಒಂಬತ್ತು ಗಂಟೆ. ಅಲ್ಲಿಂದ ಊರಿಗೆ ಒಂದೂವರೆ ಮೈಲಿ ನಡಿಗೆ. ದಾರಿಯಲ್ಲಿ ಒಂದು ಆಲದ ಮರ, ಅದರ ಮಗ್ಗುಲಿಗೆ ಬಾವಿ. ಬೋರ್‌ವೆಲ್ ಬಂದಮೇಲೆ ಬತ್ತಿಹೋದ ಬಾವಿ. ಹತ್ತು ವರ್ಷದಿಂದ ಅದರಲ್ಲಿ ತೊಟ್ಟು ನೀರಿಲ್ಲ... ಇದು ನೆನಪಿರಲಿ.

ಆ ದಾರಿ ಅವಳಿಗೆ ಚಿಕ್ಕಂದಿನಿಂದ ಗೊತ್ತು. ಭಯ ಶುರುವಾದದ್ದು ಧನ್ಯಶ್ರೀ ಸತ್ತ ಮೇಲೆ.

ಅದಕ್ಕೆ ಮೂರು ತಿಂಗಳ ಮೊದಲು ಊರ ಶಾಲೆಯಲ್ಲಿ ಬಸುರಿಯರ ರಕ್ತ ನೋಡುವ ಕ್ಯಾಂಪ್ ಇತ್ತು. ಬೆರಳು ಚುಚ್ಚಿ, ಮೈಲುತುತ್ತ ಕರಗಿಸಿದ ನೀಲಿ ನೀರಿನ ಸೀಸೆಗೆ ಒಂದು ಹನಿ ಬಿಡುವುದು. ಮುಳುಗಿದರೆ ರಕ್ತ ಗಟ್ಟಿ. ತೇಲಿದರೆ ಸಾಲದು, ಆಸ್ಪತ್ರೆಗೆ ಕಳಿಸಬೇಕು. ನಿಮಿಷದೊಳಗೆ ಹನಿ ಒಡೆದುಹೋಗುತ್ತೆ, ಅಷ್ಟರಲ್ಲಿ ನೋಡಿಕೊಂಡುಬಿಡಬೇಕು. ಗಾನವಿಗೆ ಪಾಠ ಹೇಳುವ ಚಟ ಬೇರೆ.

"ರಕ್ತ ಅಂದ್ರೆ ಬರೀ ಕೆಂಪು ನೀರಲ್ಲ ಕಣ್ರಮ್ಮಾ. ಅರ್ಧಕ್ಕಿಂತ ಜಾಸ್ತಿ ತಿಳಿ ಹಳದಿ ನೀರು, ಪ್ಲಾಸ್ಮಾ ಅಂತ. ತಿಂದದ್ದನ್ನ ಮೈಗೆಲ್ಲ ಹಂಚೋದು ಅದೇಯ. ಅದ್ರೊಳಗೆ ಉಸಿರು ಹೊರಾಕೆ ಕೆಂಪು ಕಣ, ಕಾವಲಿಗೆ ಬಿಳಿ ಕಣ, ಗಾಯ ಮುಚ್ಚಾಕೆ ಪ್ಲೇಟ್‌ಲೆಟ್ಟು. ಹತ್ತಿ ಒತ್ತಿ ಹಿಡೀರಿ. ರಕ್ತ ನಿಲ್ಲೋಗಂಟ ಕೈ ಬಿಡಬಾರದು."

ಸಾಲಿನ ಕೊನೆಯವಳು ಧನ್ಯಶ್ರೀ, ಪಕ್ಕದ ಬೀದಿಯ ದ್ಯಾಮಮ್ಮನ ಸೊಸೆ. ಅಷ್ಟರಲ್ಲಿ ಜೀಪಿನವನು ಹಾರ್ನ್ ಒತ್ತತೊಡಗಿದ. ನಮ್ಮೂರವಳೇ ತಾನೆ, ನಾಳೆ ಮನೆಯಲ್ಲೇ ಚುಚ್ಚಿದರಾಯಿತು ಅಂದುಕೊಂಡು ಗಾನವಿ ಅವಳ ತಾಯಿ ಕಾರ್ಡಿನಲ್ಲಿ 'ಹನಿ ಮುಳುಗಿತು, ರಕ್ತ ಸಾಕಷ್ಟಿದೆ' ಅಂತ ಬರೆದು ಕೊಟ್ಟುಬಿಟ್ಟಳು. ಆ ನಾಳೆ ಬರಲೇ ಇಲ್ಲ. ಹೆರಿಗೆಯಲ್ಲಿ ರಕ್ತ ಹೋಗಿ ಧನ್ಯಶ್ರೀ ತೀರಿಕೊಂಡಳು.

ಕಾರ್ಡಿನಲ್ಲಿ ರಕ್ತ ಚೆನ್ನಾಗಿದೆ ಅಂತಿದೆಯಲ್ಲ! ಹಾಗಾದರೆ ತಪ್ಪು ಯಾರದು? ಹುಟ್ಟಿದ ಹೆಣ್ಣು ಕೂಸಿನದು. ತಾಯಿಯನ್ನು ತಿಂದುಕೊಂಡು ಹುಟ್ಟಿತು ಅಂದರು. ತಿಂಗಳಾದರೂ ದ್ಯಾಮಮ್ಮ ಕೂಸನ್ನು ಎತ್ತಿಕೊಳ್ಳಲಿಲ್ಲ. ಪಕ್ಕದ ಮನೆಯವರು ಬಂದು ಬಾಟಲಿ ಹಾಲು ಕುಡಿಸಿ ಹೋಗುತ್ತಿದ್ದರು. ಗಾನವಿಗೆ ಇದೆಲ್ಲ ಗೊತ್ತಿತ್ತು. ಬಾಯಿ ಬಿಟ್ಟರೆ ಕೆಲಸ ಹೋಗುತ್ತೆ ಅಂತ ತೆಪ್ಪಗಿದ್ದಳು, ಪಾಪಿ. ನನ್ನ ತಂಗಿಯೇ ಆದರೂ ಹೇಳುತ್ತೇನೆ.

ಸರಿ, ಆ ರಾತ್ರಿ. ಬಾವಿಯ ಹತ್ತಿರ ಬಂದಳು. ಕಿರ್‍ರೆನ್ನುತ್ತಿದ್ದ ಜೀರುಂಡೆಗಳು ಗಪ್ಪನೆ ನಿಂತವು.

"ಅಕ್ಕಾ..."

ಬಾವಿಕಟ್ಟೆಯ ಮೇಲೆ ಧನ್ಯಶ್ರೀ ಕೂತಿದ್ದಳು. ಕ್ಯಾಂಪಿಗೆ ಉಟ್ಟು ಬಂದಿದ್ದ ಅದೇ ಹಸಿರು ಸೀರೆ. ಬೆರಳು ಮುಂದೆ ಚಾಚಿದ್ದಳು.

"ನಂದು ನೋಡ್ಲೇ ಇಲ್ವಲ್ಲಕ್ಕಾ."

ಓಡಬೇಕು ಅಂದುಕೊಂಡಳು... ಕಾಲು ಬಾವಿಯ ಕಡೆಗೇ ನಡೆದವು. ಕೇಳಿದ್ದು ಮಾಡಿ ಹೊರಟುಬಿಡೋಣ ಅಂತ ಸೂಜಿ, ಹತ್ತಿ, ನೀಲಿ ನೀರಿನ ಸೀಸೆ ಇದ್ದ ಕ್ಯಾಂಪಿನ ಬ್ಯಾಗು ತೆರೆದಳು. ಮೊಬೈಲ್ ಬೆಳಕು ಹಾಕಿ ಕಟ್ಟೆಯ ಮೇಲಿಟ್ಟಳು. ಚುಚ್ಚಿದಳು. ಮಡಕೆಯ ಹಾಗೆ ತಣ್ಣಗಿನ ಬೆರಳು. ಒಂದು ಹನಿ ಬಂತು. ಸೀಸೆಗೆ ಬಿಟ್ಟಳು.

ಹನಿ ಮುಳುಗಲಿಲ್ಲ. ತೇಲಲೂ ಇಲ್ಲ. ನೀಲಿ ನೀರಿನ ನಟ್ಟನಡುವೆ ನಿಂತುಬಿಟ್ಟಿತು.

"ಏನು ಬಂತಕ್ಕಾ?"

"ಗೊತ್ತಾಯ್ತಿಲ್ಲ ಕಣೇ..."

"ಹತ್ತಿ ಒತ್ತು. ನಿಲ್ಲೋಗಂಟ ಕೈ ಬಿಡಬಾರದು ಅಂತ ನೀನೇ ಅಂದಿದ್ದೆ."

ಒತ್ತಿದಳು. ಹತ್ತಿ ತೊಯ್ದುಹೋಯಿತು. ಇನ್ನೊಂದು... ಅದೂ ತೊಯ್ದಿತು. ಹತ್ತಿ ಮುಗಿದ ಮೇಲೆ ತನ್ನ ವೇಲನ್ನೇ ಸುತ್ತಿ ಹಿಡಿದಳು. ಅದರಿಂದಲೂ ಸೋರಿ ಒಂದು ಹನಿ ಬಾವಿಯೊಳಕ್ಕೆ ಬಿತ್ತು. ಬಹಳ ಹೊತ್ತು ಏನೂ ಇಲ್ಲ... ಆಮೇಲೆ ಕೆಳಗೆ, ತೊಟ್. ನೀರಿಗೆ ಬಿದ್ದ ಸದ್ದು!

ಕೈ ಎಳೆದುಕೊಂಡಳು. ಬರಲಿಲ್ಲ. ಧನ್ಯಶ್ರೀ ಅವಳನ್ನು ಹಿಡಿದಿರಲಿಲ್ಲ, ಗಾನವಿಯ ಬೆರಳುಗಳೇ ಬಿಡುತ್ತಿರಲಿಲ್ಲ. ಕಟ್ಟೆಯ ಕಲ್ಲಿನ ಮೇಲೆ ಮೊಬೈಲು ಗುರ್‍ರ್... ಗುರ್‍ರ್... ಎಂದು ನಡುಗಿತು. ಅವ್ವನ ಫೋನು. ತೆಗೆಯಲಾಗಲಿಲ್ಲ. ನಡುಗಿ ನಡುಗಿ ಸುಮ್ಮನಾಯಿತು. ತೊಟ್... ತೊಟ್...

"ಯಾಕೆ ನಿಲ್ತಿಲ್ಲಕ್ಕಾ?"

"ನಿನ್ ರಕ್ತದಲ್ಲಿ ಕಸುವೇ ಇರ್ಲಿಲ್ಲ ಅನ್ಸುತ್ತೆ ಕಣೇ."

"ಆವತ್ತು ಚುಚ್ಚಿದ್ರೆ ಗೊತ್ತಾಯ್ತಿತ್ತಾ?"

"...ಗೊತ್ತಾಯ್ತಿತ್ತು. ಆಸ್ಪತ್ರೇಲಿ ರಕ್ತ ಜೋಡಿಸಿ ಇಟ್ಕಳೋರು."

"ಮತ್ತೆ ನನ್ ಕೂಸಿಗ್ಯಾಕೆ ಅಂತಾರೆ?"

ಗಾನವಿಗೆ ಅಳು ಒತ್ತರಿಸಿ ಬಂತು. "ನಿಮ್ಮತ್ತೆಗೆ ಹೇಳ್ತೀನಿ ಕಣೇ. ಈಗ್ಲೇ ಹೋಗಿ ಹೇಳ್ತೀನಿ. ನನ್ನ ಬಿಟ್ಬಿಡು..."

"ನಾನೆಲ್ಲಿ ಹಿಡ್ಕಂಡಿದೀನಿ?"

ಬೆರಳು ಸಡಿಲವಾದವು. ಕಟ್ಟೆಯ ಮೇಲೆ ಯಾರೂ ಇರಲಿಲ್ಲ.

ಸೀಸೆ, ಮೊಬೈಲು ಬ್ಯಾಗಿಗೆ ತುರುಕಿ ಓಡಿದವಳು ಅವ್ವನ ಮನೆಗೂ ಹೋಗಲಿಲ್ಲ. ಸೀದಾ ದ್ಯಾಮಮ್ಮನ ಬಾಗಿಲು ಬಡಿದಳು. ನಿಂತ ನಿಲುವಿನಲ್ಲೇ ಎಲ್ಲ ಹೇಳಿದಳು.

"ಚುಚ್ಚದೇನೆ ಬರೆದ್ಯಾ?" ದ್ಯಾಮಮ್ಮ ಕೇಳಿದಳು.

"ಹೂಂ ದೊಡ್ಡಮ್ಮ."

ಕೆನ್ನೆಗೆ ಪಟಾರೆಂದು ಒಂದು ಬಿತ್ತು. ಆಮೇಲೆ ದ್ಯಾಮಮ್ಮ ಒಳಗೆ ಹೋಗಿ, ಮೂಲೆಯಲ್ಲಿ ಅಳುತ್ತಿದ್ದ ಕೂಸನ್ನು ಎತ್ತಿ ಎದೆಗೊತ್ತಿಕೊಂಡಳು. "ನಿಂದೇನೂ ಇಲ್ಲ ಕಣವ್ವಾ... ನಿಂದೇನೂ ಇಲ್ಲ..." ಎನ್ನುತ್ತಾ ಬೆಳಗಿನ ತನಕ ನೆಲಕ್ಕಿಳಿಸಲಿಲ್ಲ.

ಗಾನವಿ ಮಾರನೆಯ ದಿನ ಡಾಕ್ಟರ ಹತ್ತಿರವೂ ಹೋಗಿ ತಪ್ಪೊಪ್ಪಿಕೊಂಡು ಬರೆದುಕೊಟ್ಟಳು. ಕೆಲಸ ಹೋಯಿತು. ಹೋಗಬೇಕಾದ್ದೇ.

ಬ್ಯಾಗಿನಲ್ಲಿದ್ದ ಸೀಸೆಯನ್ನು ಅವಳು ನನ್ನ ಕೈಗೆ ಕೊಟ್ಟಳು, ತನ್ನ ಹತ್ತಿರ ಇಟ್ಟುಕೊಳ್ಳಲು ಧೈರ್ಯವಿಲ್ಲ ಅಂತ. ಹನಿ ಒಡೆದಿರಲಿಲ್ಲ. ನಡುವೆಯೂ ಇರಲಿಲ್ಲ. ಮೇಲಕ್ಕೆ ಬಂದು ತೇಲುತ್ತಿತ್ತು.

ನಂಬದಿದ್ದರೆ ಬಿಡಿ. ಸೀಸೆ ನಮ್ಮ ಮನೆಯ ಗೂಡಿನಲ್ಲಿದೆ. ಕೂಸು ಈಗ ದ್ಯಾಮಮ್ಮನ ಸೆರಗು ಹಿಡಿದು ನಡೆಯುತ್ತೆ. ಹನಿ ಇನ್ನೂ ತೇಲುತ್ತಿದೆ... ಇಲ್ಲಿಗೆ ಬರುವ ಮುಂಚೆಯೂ ನೋಡಿ ಬಂದೆ.