ಪಾಲಿಗೆ ಬಾರದ ನೀರು

ಹಲೋ... ಹಲೋ, ಯಾರು ಮಾತಾಡ್ತಿರೋದು? ಯೋಗಿತಾನಾ? ನಾನು ಕಣೇ, ಚಿಕ್ಕನಾಯಕನಹಳ್ಳಿಯಿಂದ ಲಕ್ಷ್ಮಿದೇವಕ್ಕ.

...

ಹಾಂ, ಊಟ ಆಯ್ತು. ಅದಿರ್ಲಿ, ತೋಟದ ಪಾಲು ಪತ್ರ ಇವತ್ತೇ ರಿಜಿಸ್ಟ್ರು ಅಂತೆ? ಕೆಂಪಯ್ಯನ ಮಗಳು ನಾನು, ನಂಗೆ ಸುದ್ದಿ ಹೇಳೋಳು ಬಸ್ ಸ್ಟ್ಯಾಂಡಲ್ಲಿ ಸಿಕ್ಕಿದ ಹುಚ್ಚಕ್ಕ! ನಂಗೇನೂ ಪಾಲು ಬೇಡ. ಒಂದು ಮಾತು ಹೇಳೋದಲ್ವಾ?

...

ಮೋಹನನೇ ಅವಸರ ಮಾಡಿದ್ನಾ? ಅಪ್ಪಯ್ಯ ಎದೆನೋವು ಅಂತ ಆಸ್ಪತ್ರೆ ಸೇರಿ ಮೊನ್ನೆ ಮೊನ್ನೆ ಮನೆಗೆ ಬಂದವ್ರೆ. ಅಷ್ಟರಲ್ಲೇ...

...

ನಿಂಗೆ ಒಳ್ಳೇದೇ ಆಯ್ತಾ? ಹೆಂಗೆ?

...

ಹೂಂ. ತೆಂಗಿನ ಮರ ಎಣಿಸಿ, ಸುಣ್ಣದ ಪಟ್ಟೆ ಬಳಿದು, ಸಮ ಸಮ ಮಾಡಿದ್ರು. ಮೂಡಲ ಕಡೆ ಫಲದ ಮರ ಎಲ್ಲಾ ನಿಂಗೇ ಬಿಟ್ಟುಕೊಟ್ನಾ? ನಮ್ಮ ಮೋಹನನಾ? ಬದುಕಿದ್ದಾಗ ಕಾಂತರಾಜುಗೆ ಒಂದು ಎಳನೀರು ಕಿತ್ತುಕೊಡದೋನು, ಸತ್ತ ತಮ್ಮನ ಹೆಂಡ್ತಿಗೆ ಫಲದ ತೋಟ ಕೊಟ್ನಾ! ತಾಳು ತಾಳು. ಬೋರ್‌ವೆಲ್ ಇರೋ ಜಾಗ ಯಾರ ಪಾಲಿಗೆ ಬಂತು?

...

ಅವನಿಗಾ.

...

ನೀರಿನ ಮಾತು ಪತ್ರದಲ್ಲಿ ಬರ್ಸವ್ರಾ? ಓದಿದ್ಯಾ ನೀನು?

...

ಗಂಗಮ್ಮನ್ನ ಯಾರಾದ್ರೂ ಬರ್ಕೊಡ್ತಾರಾ ಅಂದ್ರಾ ಅಪ್ಪಯ್ಯ? ಅಯ್ಯೋ ಶಿವನೇ! ಅದು ಬಾವಿ ಕಾಲದ ಮಾತು ಕಣೇ. ಆಗ ಸರದಿ ಮೇಲೆ ಎಲ್ರೂ ನೀರು ಕಟ್ಕೊತಿದ್ರು. ನೀರನ್ನ ಪತ್ರದಲ್ಲಿ ಬರ್ಸು ಅಂದ್ರೆ ಅವಮಾನ ಅಂತಿದ್ರು. ಈಗ ಮೋಟಾರು, ಸ್ವಿಚ್ಚು, ಬೀಗ. ಕೀಲಿಕೈ ಯಾರ ಸೊಂಟದಲ್ಲೈತೋ ನೀರು ಅವರದ್ದು.

...

ಅಪ್ಪಯ್ಯ ಇರೋವರ್ಗೂ ಕೊಡ್ತಾನೆ, ಇಲ್ಲ ಅಂದೋರು ಯಾರು? ಆಮೇಲೆ? ಎರಡು ಬೇಸಿಗೆ ನೀರು ಬಿಡದೇ ಇದ್ರೆ ಸಾಕು, ಗರಿ ಜೋತು ಬೀಳ್ತವೆ, ಸುಳಿ ಒಣಗ್ತದೆ. ಅವನು ಕೇಳಿದ ಬೆಲೆಗೆ ತೋಟ ಕೊಟ್ಟು, ಮಕ್ಕಳು ಕಟ್ಕೊಂಡು ತವರಿಗೆ ಹೋಗ್ತೀಯ. ಅವನು ಕಾಯ್ತಿರೋದೂ ಅದಕ್ಕೇ.

...

ಅಳಬೇಡ್ವೇ. ಕೇಳಿಸ್ಕೋ. ಬೋರು, ಮೋಟಾರು, ಪೈಪ್ ಹೋಗೋ ದಾರಿ ಇಬ್ಬರಿಗೂ ಸೇರಿದ್ದು ಅಂತ ಬರ್ಸು. ಬರೆಯೋವರ್ಗೂ ಸಹಿ ಹಾಕ್ಬೇಡ. ನಾನು ಈಗ್ಲೇ ಬತ್ತೀನಿ. ತಿಪಟೂರಲ್ಲಿ ಇಳಿದು ಹೊನ್ನವಳ್ಳಿ ಬಸ್ಸು ಹಿಡೀತೀನಿ.

...

ಕಾರು ಬಂತಾ? ಹೊಟ್ಟೆನೋವು ಅನ್ನು, ತಲೆ ತಿರುಗ್ತೈತೆ ಅನ್ನು, ಏನಾದ್ರೂ ಅನ್ನು. ರಿಜಿಸ್ಟ್ರು ಆಫೀಸಿಗೆ ಮಾತ್ರ ಹೋಗ್ಬೇಡ.

...

ಯೋಗಿತಾ? ಕೇಳಿಸ್ತೈತಾ?

...

ಯಾರು... ಮೋಹನನಾ? ಏನಿಲ್ಲ ಕಣಪ್ಪ, ಹಂಗೇ ಮಾತಾಡಿಸೋಣ ಅಂತ...

...

ಹೂಂ ಕಣೋ, ನೀರಿನ ಮಾತೇ! ಕೇಳಿಸ್ತಲ್ಲ, ಒಳ್ಳೇದೇ ಆಯ್ತು ಬುಡು. ಒಂದು ಸಾಲು ಬರ್ಸೋ ಮೋಹನ. ತಮ್ಮನ ಮಕ್ಕಳು ಕಣೋ ಅವು. ನಿನ್ನ ದಮ್ಮಯ್ಯ ಅಂತೀನಿ.

...

ನಗ್ತೀಯಾ? ಅಪ್ಪಯ್ಯಂಗೆ ಫೋನು ಕೊಡು.

...

ಮಲಗವ್ರಾ? ರಿಜಿಸ್ಟ್ರಿಗೆ ಹೊರಡೋರು ಮಲಗೋದೇನ್ಲಾ?

...

ಏನು? ಆಫೀಸಿನೋರ‍್ನ ಮನೆಗೇ ಕರೆಸ್ದ್ಯಾ? ಆ ಕಾರಲ್ಲಿ ಬಂದೋರು ಅವರೇನಾ?

...

ಮಲಗಿದ್ದಲ್ಲೇ ಒತ್ತಿದ್ರಾ ಹೆಬ್ಬೆಟ್ಟು? ಲೇ, ಅವಳಿಗೆ ಕೊಡು ಫೋನು. ಯೋಗಿತಾ! ನಿನ್ನ ಕೈಗೂ ಮಸಿ ಹಚ್ತಾವ್ರೇನೇ? ಒತ್ತಬೇಡ ಕಣೇ, ಕೈ ಹಿಂದಕ್ಕೆ ಎಳ್ಕೋ! ಕೇಳಿಸ್ತಾ? ಒತ್ತಬೇ...

...

ಹಲೋ? ಹಲೋ...