ಮುಯ್ಯಾಳುಗಳಿಗೆ ಹಾಲ್ಟ್ ಅಂದಿದ್ದು

…ಗುಂಡಿನ ಕಥೆ ಬ್ಯಾಡ ಬಿಡ್ರೋ, ಅದನ್ನ ಎಲ್ಲಾ ಫೌಜಿನೋರೂ ಹೇಳ್ತಾರೆ, ಅದರಾಗೆ ಅರ್ಧ ಸುಳ್ಳು. ನನಗೆ ನಿಜವಾಗಿ ಕಷ್ಟ ಆಗಿದ್ದು ಪೆನ್ಷನ್ ಬಂದ ಮೇಲೆ, ಇದೇ ಊರಾಗೆ, ಇದೇ ಜಗಲಿ ಮೇಲೆ. ಇಪ್ಪತ್ತೆಂಟು ವರ್ಷ ಗಡಿ ಕಾದು ಬಂದೋನು ನಾನು, ಗೊತ್ತಾಯ್ತಾ, ಶಿರಾಳಕೊಪ್ಪದ ಬಸ್‌ಸ್ಟ್ಯಾಂಡಾಗೆ ಟ್ರಂಕು ಇಳಿಸಿ ಇನ್ನೂ ಬೆವರು ಒರೆಸ್ಕಂಡಿಲ್ಲ, ಅಷ್ಟರಾಗೆ ಗುರುತಿಲ್ಲದೋನೊಬ್ಬ ಬಂದು ನಿಂತ. "ಯಾವೂರ್ರಿ? ಯಾರ ಮಗ? ರಜಕ್ಕೆ ಬಂದ್ರಾ, ಕಾಯಂ ಬಂದ್ರಾ?" ನಾನು ಅಂದೆ, "ಯಾಕೆ?" ಪಾಪ, ಅವನು ಬಾಯಿ ಮುಚ್ಕಂಡು ಹೋದ. ಪಾಪ ಅಂತ ಈಗ ಅಂತೀನಿ, ಆವತ್ತು ಅಂದಿರ್ಲಿಲ್ಲ. ನಮಗೆ ಕಲಿಸಿದ್ದೇ ಹಂಗೆ. ನೀನು ಎಲ್ಲಿಂದ ಬಂದೆ, ಎಲ್ಲಿಗೆ ಹೊಂಟೆ ಅಂತ ಹೊರಗಿನೋನು ಕೇಳಿದ್ರೆ ಅವನ ಮೇಲೆ ಕಣ್ಣಿಡು. ಊರಿಗೆ ಬಂದ್ರೆ ಇಡೀ ಊರೇ ಅದನ್ನೇ ಕೇಳ್ತೈತೆ! ಎಲ್ಲಿಗೆ ಹೊಂಟ್ರಿ, ಊಟಾಯ್ತಾ, ಏನು ಸಾರು, ಚೀಲದಾಗೆ ಏನೈತೆ. ನಂದು ಎಲ್ಲಾರಿಗೂ ಒಂದೇ ಉತ್ತರ, "ಯಾಕೆ?" ಒಂದು ತಿಂಗಳಾಗೋದ್ರಾಗೆ 'ಯಾಕೆ ಸುಬೇದಾರ' ಅಂತ ಹೆಸರಿಟ್ರು. ಇಟ್ಟೋರು ಯಾರು ಅಂತ ಇವತ್ತಿಗೂ ಹುಡುಕ್ತಾ ಇದೀನಿ, ಬಿಟ್ಟಿಲ್ಲ.

ಚೇತು, ಆ ಕಡೆ ಕೂತ್ಕ, ಬಾಗಿಲಿಗೆ ಅಡ್ಡ ಕೂರಬ್ಯಾಡ. ಹ್ಞಾಂ. ಏನು ಹೇಳ್ತಿದ್ದೆ… ಗದ್ದೆ. ನಮ್ಮಪ್ಪ ಸಾಯೋಕೆ ಮುಂಚೆ ನನ್ನ ಕೈ ಹಿಡ್ಕಂಡು ಒಂದು ಮಾತು ಹೇಳಿದ್ದ. "ಮಗಾ, ಗದ್ದೆಗೆ ಬ್ಯಾರೆಯೋರ ಕಾಲು ಇಳಿಸಬ್ಯಾಡ. ಇವತ್ತು ಉಳ್ತಾರೆ, ನಾಳೆ ಪಹಣಿಯಾಗೆ ಸಾಗುವಳಿದಾರ ಅಂತ ಹೆಸರು ಬರೆಸ್ಕಂತಾರೆ, ನಾಳಿದ್ದು ಉಳುವವನೇ ಹೊಲದೊಡೆಯ ಅಂತಾರೆ." ಆ ಕಾಲದಾಗೆ ಅಪ್ಪ ಅಂಥದ್ದು ಕಣ್ಣಾರೆ ಕಂಡಿದ್ದ. ನಾನು ಆ ಮಾತು ತಲೇಲಿ ಇಟ್ಕಂಡೇ ಫೌಜಿಗೆ ಹೋದೆ, ಹಂಗೇ ಇಟ್ಕಂಡೇ ವಾಪಸ್ ಬಂದೆ. ನಡುವೆ ಗದ್ದೆ ಯಾರು ನೆಟ್ರು, ಯಾರು ಕೊಯ್ದ್ರು? ನಿಮ್ಮಜ್ಜಿ ಕೂಲಿಯೋರನ್ನ ಕರೆಸಿ ಮಾಡಿಸ್ತಾಳೆ ಅಂದ್ಕಂಡಿದ್ದೆ. ರಜಕ್ಕೆ ಬಂದಾಗ ಕೇಳಿದ್ರೂ "ಎಲ್ಲಾ ನಡೀತೈತೆ ಬಿಡ್ರಿ" ಅಂತಿದ್ಲು. ನಾನು ಕಾಯಂ ಬಂದ ವರ್ಷ ಮಳೆಗಾಲದಾಗೆ ಉಳವೀಲಿ ಅವರಮ್ಮನಿಗೆ ಹುಷಾರಿಲ್ಲ ಅಂತ ಫೋನ್ ಬಂತು, ಗಡಿಬಿಡೀಲಿ ಸೀರೆ ತುಂಬ್ಕಂಡು ಹೊಂಟ್ಲು. ಬಸ್ ಹತ್ತೋವಾಗ ಕಿಟಕಿಯಾಗೆ ಬಗ್ಗಿ ಹೇಳ್ತಾಳೆ, "ರೀ, ಗದ್ದೆ ಚಿಂತೆ ಬ್ಯಾಡ. ನೀವು ಆ ಕಡೆ ಹೋಗೋದೂ ಬ್ಯಾಡ." ಹೋಗೋದು ಬ್ಯಾಡ! ನೀವೇ ಹೇಳ್ರಿ, ಹೋಗಬ್ಯಾಡ ಅಂದ್ರೆ ಅಲ್ಲಿ ಏನೋ ಐತೆ ಅಂತ ತಾನೆ ಅರ್ಥ?

ಮಾರನೇ ದಿನ ಬೆಳಿಗ್ಗೆ ಹೋದೆ. ರಸ್ತೆ ಮೇಲೆ ಹೋಗ್ಲಿಲ್ಲ, ಕೆರೆ ಏರಿ ಹಿಂದಿಂದ ಹೋದೆ. ನೋಡಿದ್ರೆ ನಮ್ಮ ಗದ್ದೆ ತುಂಬಾ ಜನ! ಹೆಂಗಸರು ನಮ್ಮ ಸಸಿಮಡಿಗೆ ಇಳಿದು ಸಸಿ ಕೀಳ್ತಾ ಇದಾರೆ, ಗಂಡಸರು ಕಟ್ಟು ಕಟ್ಟಿ ಹೊರ್ತಾ ಇದಾರೆ. ಮುಂದೆ ನಿಂತು ಕೈ ತೋರಿಸ್ತಾ ಇರೋನು ಪಕ್ಕದ ಗದ್ದೆ ಹಾಲಪ್ಪ. ಅಪ್ಪನ ಮಾತು ನೆನಪಾಯ್ತು ನೋಡು, ಮೈಯೆಲ್ಲಾ ಉರೀತು. "ಹಾಲ್ಟ್!" ಅಂದೆ. ಕೆರೆಯಾಗಿನ ಕೊಕ್ಕರೆ ಹಾರಿ ಹೋದ್ವು. "ಯಾರ ಹುಕುಂ ಮೇಲೆ ಇಳಿದ್ರಿ? ಎಲ್ಲಾ ಬದುವಿನ ಮೇಲೆ ಬರ್ರಿ, ಸಾಲಾಗಿ ನಿಂತ್ಕಳ್ರಿ!" ಹಾಲಪ್ಪ ನಕ್ಕ, ತಮಾಷೆ ಅಂದ್ಕಂಡ. "ಹುಕುಂ ಎಂಥದ್ದು ಸುಬೇದಾರ್ರೆ, ಇವತ್ತು ನಿಮ್ಮ ಪಾಳಿ ಅಲ್ವಾ." "ನನ್ನ ಪಾಳಿ ನೀನು ಯಾವನಯ್ಯ ಹೇಳೋಕೆ? ಪಹಣಿಗೆ ಹೆಸರು ಹತ್ತಿಸೋ ಪಾಳಿಯಾ?" ಅಂತ ಮೊಬೈಲ್ ತೆಗೆದು ಒಬ್ಬೊಬ್ಬರದ್ದೂ ಫೋಟೋ ಹೊಡೆದೆ, ಸಾಕ್ಷಿಗೆ ಇರ್ಲಿ ಅಂತ. ಆಗ ನಗು ನಿಂತ್ಹೋಯ್ತು. ಕೈಯಾಗಿದ್ದ ಸಸಿ ನೀರಿಗೆ ಬಿಟ್ಟು, ಕೆಸರು ತೊಳ್ಕಂಡು, ಬುತ್ತಿ ಎತ್ಕಂಡು ಹೊಂಟ್ರು. ಹಾಲಪ್ಪನ ಹೆಂಡತಿ ಸಾವಕ್ಕ ಒಬ್ಳು ತಿರುಗಿ ಅಂದ್ಲು, "ಭಾವ, ಕಿತ್ತ ಸಸಿ ಬಾಳ ದಿನ ತಡಿಯಲ್ಲ, ಅಕ್ಕ ಬಂದ ತಕ್ಷಣ ಹೇಳ್ರಿ." ನಾನು ಅದನ್ನೂ ಬೆದರಿಕೆ ಅಂತಲೇ ತಿಳ್ಕಂಡೆ.

ನಿಮ್ಮಜ್ಜಿಗೆ ಒಂದು ಫೋನ್ ಮಾಡಬಹುದಿತ್ತು ಅಲ್ವಾ ಅಂತೀಯ ಪುಟ್ಟಿ. ಮಾಡಬಹುದಿತ್ತು. ಆದ್ರೆ ಅವಳೂ ಶಾಮೀಲಾಗಿದ್ರೆ? ನಗಬ್ಯಾಡ, ಆವತ್ತು ಹಂಗೇ ಅನ್ನಿಸ್ತು. ಸೀದಾ ಶಿಕಾರಿಪುರಕ್ಕೆ ಹೋದೆ, ತಾಲ್ಲೂಕಾಫೀಸಾಗೆ ನಿಂತು ಪಹಣಿ ತೆಗೆಸಿದೆ. ಎಲ್ಲಾ ನನ್ನ ಹೆಸರಲ್ಲೇ ಐತೆ, ಒಂದು ಅಕ್ಷರ ಆಚೀಚೆ ಇಲ್ಲ. ಸಮಾಧಾನ ಆಗಬೇಕಲ್ವಾ? ಆಗ್ಲಿಲ್ಲ. ಇಷ್ಟು ಸರಿಯಾಗಿ ಐತೆ ಅಂದ್ರೆ ಇದರಾಗೇ ಏನೋ ಐತೆ ಅನ್ನಿಸ್ತು. ಹಂಗೇ ಎರಡು ದಿನ ಗದ್ದೆ ಬದುವಿನ ಮೇಲೆ ಕುರ್ಚಿ ಹಾಕ್ಕಂಡು ಪಹರೆ ಕೂತೆ. ಸಸಿ ಕಟ್ಟುಗಳು ನನ್ನ ಕಣ್ಣ ಮುಂದೇ ಹಳದಿ ಆಗ್ತಾ ಇದ್ವು, ನಾನು ಮಾತ್ರ ದಾರಿ ಕಡೆ ನೋಡ್ತಾ ಇದ್ದೆ.

ನಿಮ್ಮಜ್ಜಿ ಬಂದ್ಲು. ಊರ ಬಾಗಿಲಲ್ಲೇ ಸುದ್ದಿ ಸಿಕ್ಕಿರಬೇಕು, ಮನೆಗೂ ಹೋಗ್ದೆ ಸೀದಾ ಗದ್ದೆಗೆ ಬಂದ್ಲು. ಒಂದು ಕಟ್ಟು ಬಿಚ್ಚಿ ಮೂಸಿ ನೋಡಿದ್ಲು, ಒಳಗೆಲ್ಲಾ ಕಾವು ಏರಿ ಕೊಳೆತಿತ್ತು. ಬದುವಿನ ಮೇಲೆ ಕುಂತು ಅತ್ಲು ಕಣ್ರೋ. ಇಪ್ಪತ್ತೆಂಟು ವರ್ಷ ನಾನು ಟ್ರಂಕು ಎತ್ಕಂಡು ಹೋಗೋವಾಗ ಅಳದೇ ಇದ್ದೋಳು ಸಸಿಗೆ ಅತ್ಲು. "ಕೂಲಿಯೋರು ಅಂದ್ಕಂಡ್ರಾ? ಹಾಲಪ್ಪನ ಗದ್ದೆಗೆ ನಾನು ಹೋಗಿ ನೆಟ್ಟೀನಿ, ಅವರ ಗೋವಿನಜೋಳ ಮುರಿದುಕೊಟ್ಟೀನಿ. ಅದಕ್ಕೆ ಅವರು ನಮ್ಮ ಗದ್ದೆಗೆ ಬರೋದು. ಮುಯ್ಯಾಳು ರೀ ಅವರು! ನೀವು ದೇಶ ಕಾಯೋವಾಗ ನಿಮ್ಮ ಗದ್ದೆ ಕಾದೋರು. ಅವರ ಫೋಟೋ ಹೊಡೀತೀರಲ್ಲ, ನಾನು ಯಾವ ಮುಖ ಇಟ್ಕಂಡು ಬೀದೀಲಿ ಓಡಾಡ್ಲಿ?" ಮುಯ್ಯಾಳು ಅಂದ್ರೆ ನನಗೆ ಗೊತ್ತಿಲ್ಲದ್ದಲ್ಲ, ಹುಡುಗ ಇದ್ದಾಗ ನಾನೂ ಹೋಗಿದ್ದೆ. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮದಕ್ಕೆ ನೀವು. ಆದ್ರೆ ಸುಬೇದಾರನ ಹೆಂಡ್ತಿ ಇನ್ನೊಬ್ಬರ ಗದ್ದೇಲಿ ಬಗ್ತಾಳೆ ಅಂತ ನನ್ನ ತಲೆಗೇ ಹೊಳೆದಿರ್ಲಿಲ್ಲ. ನಾಚಿಕೆ ಆಯ್ತು. ಹೋಗಿ ಕರೆದುಕೊಂಡು ಬರ್ತೀನಿ ಅಂದೆ. "ಬಂದ ಮುಯ್ಯಾಳು ವಾಪಸ್ ಕಳಿಸಿದ ಮನೆಯೋರು ಮತ್ತೆ ಕರೆಯಂಗಿಲ್ಲ. ಮೊದ್ಲು ನಾವೇ ಹೋಗಿ ಅವರ ಗದ್ದೆಗೆ ಇಳೀಬೇಕು. ನಾನಲ್ಲ, ಕಳಿಸಿದೋರು ಇಳೀಬೇಕು" ಅಂದ್ಲು.

ಆ ವರ್ಷ ಉಳಿದ ಸಸಿ ಹಿಡ್ಕಂಡು ನಾವಿಬ್ಬರೇ ಮೇಲಿನ ಗದ್ದೆ ಅಷ್ಟೇ ನೆಟ್ಟಿದ್ದು. ಕೆಳಗಿನದು ಬೀಳು ಬಿತ್ತು. ಗದ್ದೆ ಇಟ್ಕಂಡು ಶಿರಾಳಕೊಪ್ಪದ ಸಂತೇಲಿ ಅಕ್ಕಿ ಕೊಂಡು ತಂದ ಮನೆ ಆಯ್ತು ನಮ್ಮದು, ಆ ಚೀಲ ಹೊತ್ತು ಬೀದೀಲಿ ಬರೋವಾಗ ತಲೆ ಎತ್ತೋಕಾಗ್ತಿರ್ಲಿಲ್ಲ. ಅದೇ ಮಳೆಗಾಲದಾಗೆ, ಹಾಲಪ್ಪನ ನಟ್ಟಿ ದಿನ, ಅವನ ಗದ್ದೆಗೆ ಹೋದೆ. ಯಾರೂ ಬಾ ಅನ್ಲಿಲ್ಲ, ಹೋಗು ಅನ್ಲಿಲ್ಲ. ಸಸಿ ಹೊರೋಕೆ ಗಂಡಸರ ಜೊತೆ ನಿಂತ್ರೆ, ಸಾವಕ್ಕ ಒಂದು ಕಟ್ಟು ನನ್ನ ಮುಂದೆ ಎಸೆದು ಹೆಂಗಸರ ಸಾಲು ತೋರಿಸಿದ್ಲು. ಇದು ಬೇಕಂತ ಮಾಡ್ತಾ ಇರೋದು ಅಂತ ಗೊತ್ತಾಯ್ತು, ಆದ್ರೂ ಇಳಿದೆ. ನಟ್ಟಿ ಅಂದ್ರೆ ಹಿಂದಕ್ಕೆ ಹಿಂದಕ್ಕೆ ಹೋಗ್ಬೇಕಲ್ಲ, ನನ್ನ ಕಾಲಿಗೆ ಮುಂದಕ್ಕೆ ಹೋಗೋದಷ್ಟೇ ಗೊತ್ತು. ನೆಟ್ಟ ಸಸಿ ನಾನೇ ತುಳ್ದೆ, ಮತ್ತೆ ನೆಟ್ಟೆ, ಕಡೆಗೆ ಕೆಸರಾಗೆ ಅಂಗಾತ ಬಿದ್ದೆ. ಆಗ ಒಬ್ರಿಗೆ ನಗು ತಡಿಯೋಕಾಗ್ಲಿಲ್ಲ, ಆಮೇಲೆ ಎಲ್ಲರಿಗೂ. ಮಧ್ಯಾಹ್ನ ರೊಟ್ಟಿ ಕೊಟ್ರು. ಮೊದ್ಲು ಹಾಲಪ್ಪ ತಿನ್ಲಿ ಅಂತ ನಾನು ಸುಮ್ನೆ ಕುಂತಿದ್ದೆ, ಅವನು ನನ್ನ ಕೈಯಾಗಿನ ರೊಟ್ಟೀನೇ ಮುರ್ಕಂಡು ಬಾಯಿಗೆ ಹಾಕ್ಕಂಡ. "ಸತ್ರೆ ಇಬ್ರೂ ಸಾಯೋಣ ತಿನ್ರಿ" ಅಂದ. ಒಂದು ವರ್ಷ ಪೂರಾ ಹಿಂಗೇ ಹೋದೆ. ಕಳೆ, ಕೊಯ್ಲು, ಗೋವಿನಜೋಳ ಮುರಿಯೋದು, ಎಲ್ಲದಕ್ಕೂ.

ಮರುವರ್ಷ ನಮ್ಮ ನಟ್ಟಿ ದಿನ ಬಂತು. ಬೆಳಿಗ್ಗೆ ಬದುವಿನ ಮೇಲೆ ನಿಂತಿದ್ದೀವಿ, ನಾನು, ನಿಮ್ಮಜ್ಜಿ. ಒಂದು ನರಪಿಳ್ಳೆ ಇಲ್ಲ. ಬರಲ್ಲ ಇವರು ಅಂದೆ, ವರ್ಷ ಪೂರ್ತಿ ದುಡಿಸ್ಕಂಡು ಈಗ ಸೇಡು ತೀರಿಸ್ಕಂತಾರೆ ಅಂದೆ. ಅಷ್ಟರಾಗೆ ಏರಿ ಮೇಲಿಂದ ಬಂದ್ರು, ಎಲ್ಲಾ ತಲೆ ಮೇಲೆ ಪ್ಲಾಸ್ಟಿಕ್ ಕೊಪ್ಪೆ ಹಾಕ್ಕಂಡು. ಬಂದೋರು ಗದ್ದೆಗೆ ಇಳೀಲಿಲ್ಲ, ಬದುವಿನ ಮೇಲೇ ಸಾಲಾಗಿ ನಿಂತ್ರು. ನನಗೆ ಮತ್ತೆ ಅನುಮಾನ, ಇದೇನೋ ಐತೆ ಅಂತ. ನಿಮ್ಮಜ್ಜಿ ನನ್ನ ಮೊಣಕೈ ತಿವಿದು, "ಇಳೀರಿ ಅನ್ರಿ. ನೀವು ಅನ್ನೋ ತನಕ ಅವರು ಇಳಿಯಲ್ಲ" ಅಂದ್ಲು. ಪರೇಡ್ ಮೈದಾನದಾಗೆ ಇಡೀ ಕಂಪನಿಗೆ ಕೇಳೋ ಹಂಗೆ ಕೂಗಿದ ಗಂಟ್ಲು ಕಣ್ರೋ ಇದು, ಆವತ್ತು ಆ ಒಂದು ಮಾತು ಈಚೆಗೇ ಬರ್ಲಿಲ್ಲ. ಕಡೆಗೆ ಹೆಂಗೋ "ಇಳೀರಪ್ಪಾ… ಇಳೀರಿ ತಾಯಿ" ಅಂದೆ. ಇಳಿದ್ರು.

ಅನುಮಾನ ಪಡಬ್ಯಾಡ್ರಿ ಅಂತ ನಾನು ಹೇಳಲ್ಲ, ನಾನೇ ಬಿಟ್ಟಿಲ್ಲ, ನಿಮಗ್ಯಾಕೆ ಸುಳ್ಳು ಹೇಳ್ಲಿ. ಅನುಮಾನ ಅಂದ್ರೆ ಮನೆ ನಾಯಿ. ಸಾಕ್ಕಳ್ರಿ, ಆದ್ರೆ ಸಸಿ ಹಿಡ್ಕಂಡು ಬಂದೋರ ಮೇಲೆ ಬಿಡಬ್ಯಾಡ್ರಿ.